ಆಟದ ಅಂಗಳವೂ ಒಂದು ಪ್ರಯೋಗಶಾಲೆ

ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನನಗೆ ಮೊದಲು ನೆನಪಾದದ್ದು ತರಗತಿಯ ಕೊಠಡಿಯಲ್ಲ, ಕಟ್ಟಡದ ಹಿಂಬದಿಯ ಮಣ್ಣಿನ ಮೈದಾನ. ಆದರೆ ಕಳೆದ ದಿನಗಳ ಸವಿನೆನಪನ್ನು ಹಂಚಿಕೊಳ್ಳುವುದು ಈ ಲೇಖನದ ಉದ್ದೇಶವಲ್ಲ. ಮೂರು ದಶಕಗಳ ಕಾಲ ಭೌತವಿಜ್ಞಾನವನ್ನು ಬೋಧಿಸಿ ನಿವೃತ್ತನಾದ ಬಳಿಕ ನನ್ನಿಂದಲೇ ಒಂದು ತಪ್ಪು ನಡೆದುಹೋಯಿತು. ಆ ತಪ್ಪನ್ನು ಒಪ್ಪಿಕೊಂಡು, ಅದರಿಂದ ನಾನು ಕಲಿತದ್ದನ್ನು ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ಉದಾರಿಗಳಾದ ದಾನಿಗಳ ಮುಂದೆ ಇಡುವುದಷ್ಟೇ ನನ್ನ ಇಂಗಿತ.

ನಮ್ಮ ಕಾಲದಲ್ಲಿ ವಿಜ್ಞಾನದ ಪ್ರಾಜೆಕ್ಟ್ ಎಂದರೆ ರಟ್ಟಿನ ಮೇಲೆ ಅಂಟಿಸಿದ ಚಿತ್ರಪಟ, ಇಲ್ಲವೆ ಜೇಡಿಮಣ್ಣಿನ ಜ್ವಾಲಾಮುಖಿ. ಇಂದು ಆ ಸ್ಥಾನಕ್ಕೆ ವಿಡಿಯೋ ಬಂದಿದೆ. "ನಿಮಗೆ ಪ್ರಿಯವಾದ ಒಂದು ಕ್ರೀಡೆಯ ಹಿಂದಿರುವ ಭೌತವಿಜ್ಞಾನವನ್ನು ಕುರಿತು ಐದು ನಿಮಿಷಗಳ ವಿಡಿಯೋ ತಯಾರಿಸಿರಿ" ಎಂಬ ಸೂಚನೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ನಮ್ಮ ಭಾಗದ ಎಷ್ಟೋ ಮನೆಗಳಿಗೆ ಮಕ್ಕಳ ದಿನಚರಿ ಪುಸ್ತಕದ ಮೂಲಕ ತಲುಪುತ್ತಿದೆ. ಸೂಚನೆ ಒಳ್ಳೆಯದೇ. ಅದು ನೆರವೇರುತ್ತಿರುವ ಬಗೆ ಮಾತ್ರ ಚಿಂತೆಗೆ ಕಾರಣವಾಗಿದೆ. ತಂದೆಯವರು ಕಚೇರಿಯಿಂದ ಬಂದ ಮೇಲೆ ರಾತ್ರಿ ಕುಳಿತು ಅಂತರ್ಜಾಲದಿಂದ ದೃಶ್ಯಗಳನ್ನು ಇಳಿಸಿಕೊಡುತ್ತಾರೆ. ಚಿಕ್ಕಪ್ಪನ ಮಗನೊಬ್ಬ ಅವನ್ನು ಜೋಡಿಸಿ ಹಿನ್ನೆಲೆ ಸಂಗೀತ ಕೂಡಿಸುತ್ತಾನೆ. ಇತ್ತೀಚೆಗಂತೂ ವಿವರಣೆಯ ಮಾತನ್ನು ಬರೆಯುವುದಕ್ಕೂ ಅದನ್ನು ಓದುವುದಕ್ಕೂ ಕೃತಕ ಬುದ್ಧಿಮತ್ತೆಯೇ ಸಿದ್ಧವಾಗಿದೆ. ಮಗು ಕೊನೆಯಲ್ಲಿ ಒಮ್ಮೆ ಕಾಣಿಸಿಕೊಂಡು ವಂದನೆ ಹೇಳುತ್ತದೆ.

ಕೆಲವು ವರ್ಷಗಳ ಹಿಂದೆ ನಗರದ ಪಶ್ಚಿಮ ಭಾಗದ ಒಂದು ಶಾಲೆಯವರು ಇಂತಹ ವಿಡಿಯೋಗಳ ಸ್ಪರ್ಧೆಯನ್ನು ಏರ್ಪಡಿಸಿ, ಮೂವರು ತೀರ್ಪುಗಾರರಲ್ಲಿ ನನ್ನನ್ನೂ ಒಬ್ಬನನ್ನಾಗಿ ಕರೆದಿದ್ದರು. ಪ್ರಥಮ ಬಹುಮಾನಕ್ಕೆ ನಾವು ಆರಿಸಿದ್ದು ಕ್ರಿಕೆಟ್ ಚೆಂಡು ಗಾಳಿಯಲ್ಲಿ ತಿರುಗುವುದನ್ನು ಕುರಿತ ಒಂದು ವಿಡಿಯೋ. ವಿದೇಶದ ಮೈದಾನಗಳ ಮನೋಹರ ದೃಶ್ಯಗಳು, ಆಕಾಶವಾಣಿಯ ಪ್ರವಾಚಕರನ್ನು ನೆನಪಿಸುವ ಕಂಠ, ಬಣ್ಣಬಣ್ಣದ ಬಾಣಗಳು ಎಲ್ಲವೂ ಅದರಲ್ಲಿದ್ದವು. ಕೊನೆಯ ಸ್ಥಾನಕ್ಕೆ ಇಳಿದದ್ದು ಖೋ-ಖೋ ಕುರಿತದ್ದು. ವಿದ್ಯಾರ್ಥಿನಿಲಯದಲ್ಲಿ ವಾಸಿಸುವ ಮೂವರು ಬಾಲಕರು ನಿಲಯಪಾಲಕರ ಮೊಬೈಲನ್ನು ಒಂದು ಸಂಜೆಯ ಮಟ್ಟಿಗೆ ಬೇಡಿ ಪಡೆದು ಅದನ್ನು ತೆಗೆದಿದ್ದರು. ಚಿತ್ರ ಅಲುಗುತ್ತಿತ್ತು. ಗಾಳಿಯ ಸದ್ದಿನಲ್ಲಿ ಮಾತು ಅರ್ಧ ಮುಚ್ಚಿಹೋಗಿತ್ತು. ಆದರೆ ನಾವು ಅಂಕಗಳನ್ನು ಕಳೆದದ್ದು ಮುಖ್ಯವಾಗಿ ಅದಕ್ಕಾಗಿ ಅಲ್ಲ. ಕಂಬವನ್ನು ಹಿಡಿದು ತಿರುಗುವ ಆಟಗಾರನ ಕೈಗೆ ಬೀಳುವ ಎಳೆತ 13 ಕಿಲೋ ತೂಕದಿಂದ 33 ಕಿಲೋ ತೂಕದವರೆಗೆ ಎಷ್ಟಾದರೂ ಇರಬಹುದೆಂದು ಅವರು ಕೊನೆಯಲ್ಲಿ ಹೇಳಿದರು. "ಇದೆಂಥ ಉತ್ತರ? ಹದಿಮೂರೋ ಮೂವತ್ತಮೂರೋ?" ಎಂದು ನಮ್ಮಲ್ಲೊಬ್ಬರು ನಕ್ಕರು. ನಾನೂ ನಕ್ಕೆನೆಂದು ನಾಚಿಕೆಯಿಂದ ಬರೆಯುತ್ತಿದ್ದೇನೆ.

ಬಹುಮಾನ ವಿತರಣೆ ಮುಗಿದ ಮೇಲೆ, ಗೆದ್ದ ತಂಡದ ಬಾಲಕನನ್ನು ಅಭಿನಂದಿಸುತ್ತ, "ಚೆಂಡಿನ ಹೊಳಪಿರುವ ಮಗ್ಗುಲು ಯಾವ ಕಡೆ ಇದ್ದರೆ ಚೆಂಡು ಯಾವ ಕಡೆಗೆ ತಿರುಗುತ್ತದಪ್ಪ?" ಎಂದು ಸಹಜವಾಗಿ ಕೇಳಿದೆ. ಅವನು ಗಲಿಬಿಲಿಗೊಂಡು, "ಸರ್, ಅದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ" ಎಂದ. ಅವನದೇನೂ ತಪ್ಪಿಲ್ಲ. ಅವನಿಗೆ ನಾವು ಕೊಟ್ಟ ಕೆಲಸವೇ ಅಂತಹದು. ಬಾಗಿಲ ಬಳಿ ಖೋ-ಖೋ ತಂಡದ ಬಾಲಕ ನಿಂತಿದ್ದ. "ಸರ್, ನಮ್ಮ ಲೆಕ್ಕದಲ್ಲಿ ಎಷ್ಟು ತಪ್ಪಿರಬಹುದು ಅಂತ ನಾವೇ ಹೇಳಿದ್ದಕ್ಕೆ ಮಾರ್ಕ್ಸ್ ಹೋಯ್ತಾ?" ಎಂದು ಮೆಲ್ಲನೆ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ವಿಜಯನಗರದ ಮನೆಗೆ ಬಂದು ಅವರ ಲೆಕ್ಕವನ್ನು ಕಾಗದದ ಮೇಲೆ ಮತ್ತೆ ಮಾಡಿ ನೋಡಿದೆ. ಅಂದಿನ ಸ್ಪರ್ಧೆಯಲ್ಲಿ ಭೌತವಿಜ್ಞಾನ ಇದ್ದದ್ದು ಆ ಒಂದು ವಿಡಿಯೋದಲ್ಲಿ ಮಾತ್ರ ಎಂಬುದು ಆಗ ಮನವರಿಕೆಯಾಯಿತು.

ಅವರು ಮಾಡಿದ್ದೇನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನನ್ನ ವಾದವೆಲ್ಲ ಅದರ ಮೇಲೆಯೇ ನಿಂತಿದೆ. ಖೋ-ಖೋ ಅಂಕಣದ ಎರಡು ತುದಿಗಳಲ್ಲಿ ಒಂದೊಂದು ಕಂಬವಿರುವುದು ಎಲ್ಲರಿಗೂ ಗೊತ್ತು. ಬೆನ್ನಟ್ಟುವ ಆಟಗಾರ ತಾನು ಓಡುತ್ತಿರುವ ದಿಕ್ಕನ್ನು ಬದಲಿಸಬೇಕಾದರೆ ಕಂಬದವರೆಗೆ ಹೋಗಿ ಸುತ್ತಿ ಬರಬೇಕು. ಜಾಣ ಆಟಗಾರ ಕಂಬವನ್ನು ಕೈಯಿಂದ ಹಿಡಿದು, ದೇಹವನ್ನು ಒಳಕ್ಕೆ ವಾಲಿಸಿ, ವೇಗವನ್ನು ಹೆಚ್ಚು ಕಳೆದುಕೊಳ್ಳದೆ ತಿರುಗಿಬಿಡುತ್ತಾನೆ. ಆ ಬಾಲಕರು ಕೇಳಿಕೊಂಡ ಪ್ರಶ್ನೆ ಒಂದೇ: ಕಂಬ ಹಿಡಿಯದೆ ಹೀಗೆ ತಿರುಗಲು ಸಾಧ್ಯವೇ?

ಕಂಬದ ಸುತ್ತ ಒಂದು ಮೀಟರ್ ತ್ರಿಜ್ಯದ ವೃತ್ತವನ್ನು ಸುಣ್ಣದ ಪುಡಿಯಿಂದ ಬರೆದರು. ಆ ವೃತ್ತದ ಮೇಲೆ ಮೀಟರಿಗೊಂದು ಗುರುತು ಹಾಕಿದರು. ಮೇಲಂತಸ್ತಿನ ಮೊಗಸಾಲೆಯಿಂದ, ಓಟವೆಲ್ಲ ಒಂದೇ ನೋಟಕ್ಕೆ ಸಿಗುವಂತೆ, ಮೊಬೈಲನ್ನು ಕೆಳಮುಖವಾಗಿ ಹಿಡಿದು ಚಿತ್ರ ತೆಗೆದರು. ಸಾಧಾರಣ ಮೊಬೈಲು ಸೆಕೆಂಡಿಗೆ 30 ಫ್ರೇಮುಗಳನ್ನು ದಾಖಲಿಸುತ್ತದೆ. ಆಟಗಾರ ಒಂದು ಮೀಟರ್ ಕ್ರಮಿಸಲು 9 ಫ್ರೇಮುಗಳು ಬೇಕಾದವು. ಎಂದರೆ 0.3 ಸೆಕೆಂಡು. ವೇಗ ಸೆಕೆಂಡಿಗೆ ಸುಮಾರು 3.3 ಮೀಟರ್. ಆ ಬಾಲಕನ ತೂಕ 40 ಕಿಲೋ. ಇಷ್ಟು ವೇಗದಲ್ಲಿ ಇಷ್ಟು ಕಿರಿದಾದ ವೃತ್ತದಲ್ಲಿ ತಿರುಗಲು ಅವನನ್ನು ಕೇಂದ್ರದ ಕಡೆಗೆ ಎಳೆಯಬೇಕಾದ ಬಲ, ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ ದ್ರವ್ಯರಾಶಿಯಿಂದ ಗುಣಿಸಿದರೆ, ಸುಮಾರು 45 ಕಿಲೋ ತೂಕಕ್ಕೆ ಸಮನಾಗುತ್ತದೆ.

ಈ ಬಲ ಎಲ್ಲಿಂದ ಬರಬೇಕು? ಒಂದು ಪಾಲು ನೆಲದ ಘರ್ಷಣೆಯಿಂದ. ಅದನ್ನು ಅಳೆಯಲು ಅವರು ಕ್ಯಾನ್ವಾಸ್ ಬೂಟಿನ ಮೇಲೆ ಇಟ್ಟಿಗೆ ಕಟ್ಟಿ, ಒಟ್ಟು ತೂಕ 5 ಕಿಲೋ ಆಗುವಂತೆ ಮಾಡಿ, ಪ್ರಯೋಗಶಾಲೆಯ ಸ್ಪ್ರಿಂಗ್ ತ್ರಾಸಿನಿಂದ ಮೈದಾನದ ಮೇಲೆ ಎಳೆದರು. ತ್ರಾಸು 3 ಕಿಲೋ ತೋರಿಸಿದಾಗ ಬೂಟು ಜಾರಿತು. ಹಾಗಾದರೆ 40 ಕಿಲೋ ತೂಕದ ಬಾಲಕನಿಗೆ ನೆಲ ಕೊಡಬಲ್ಲದ್ದು ಹೆಚ್ಚೆಂದರೆ 24 ಕಿಲೋ ತೂಕದಷ್ಟು ಬಲ. ಉಳಿದ 21 ಕಿಲೋವನ್ನು ಕಂಬವೇ ಅವನ ಕೈಯ ಮೂಲಕ ಕೊಡಬೇಕು. ಕಂಬವಿಲ್ಲದಿದ್ದರೆ ಅವನು ಜಾರಿ ಬೀಳಬೇಕು, ಇಲ್ಲವೆ ವೇಗವನ್ನು ತಗ್ಗಿಸಬೇಕು. ಕಂಬ ಬರಿಯ ಗಡಿಗುರುತಲ್ಲ, ಅದು ಆಟಗಾರನಿಗೆ ಆಸರೆಯೂ ಹೌದು ಎಂಬುದನ್ನು ಈ ಮಕ್ಕಳು ಅಳೆದು ತೋರಿಸಿದ್ದರು.

ಅವರ ನಿಜವಾದ ದೊಡ್ಡತನ ಇದರ ಮುಂದಿನ ಹೆಜ್ಜೆಯಲ್ಲಿತ್ತು. "ನಾವು ಫ್ರೇಮು ಎಣಿಸುವಾಗ ಒಂದು ಹೆಚ್ಚೋ ಒಂದು ಕಡಿಮೆಯೋ ಆಗಿರಬಹುದು" ಎಂದು ಅವರೇ ಹೇಳಿದರು. 9ರ ಬದಲು 10 ಫ್ರೇಮಾದರೆ ವೇಗ 3 ಮೀಟರಿಗೆ ಇಳಿಯುತ್ತದೆ, 8 ಆದರೆ 3.75 ಮೀಟರಿಗೆ ಏರುತ್ತದೆ. ಬಲವು ವೇಗದ ವರ್ಗವನ್ನು ಅವಲಂಬಿಸಿರುವುದರಿಂದಲೂ, ಘರ್ಷಣೆಯ ಪಾಲನ್ನು ಅದರಿಂದ ಕಳೆಯಬೇಕಾದ್ದರಿಂದಲೂ, ಒಂದೇ ಒಂದು ಫ್ರೇಮಿನ ವ್ಯತ್ಯಾಸಕ್ಕೆ ಉತ್ತರ 13ರಿಂದ 33ರವರೆಗೆ ಚಾಚಿಕೊಳ್ಳುತ್ತದೆ. ನಾವು ನಕ್ಕದ್ದು ಈ ಪ್ರಾಮಾಣಿಕತೆಯನ್ನು ಕಂಡು! ತೀರ್ಪುಗಾರರಾದ ನಾವು ಹೇಳಬೇಕಾಗಿದ್ದುದು ಇಷ್ಟೇ: "ಮಕ್ಕಳೇ, ಇದೇ ಮೊಬೈಲಿನಲ್ಲಿ ನಿಧಾನಚಲನೆಯ ವ್ಯವಸ್ಥೆ ಇದೆಯೇ ನೋಡಿರಿ. ಸೆಕೆಂಡಿಗೆ 120 ಫ್ರೇಮು ಸಿಕ್ಕಿದರೆ ಆ ಒಂದು ಮೀಟರಿಗೆ 36 ಫ್ರೇಮುಗಳಾಗುತ್ತವೆ. ಒಂದು ಫ್ರೇಮು ತಪ್ಪಿದರೂ ಉತ್ತರ 19ರಿಂದ 24 ಕಿಲೋ ಒಳಗೇ ನಿಲ್ಲುತ್ತದೆ. ಮೈ ಒಳಕ್ಕೆ ವಾಲುವುದರಿಂದ ಗುರುತ್ವಕೇಂದ್ರ ಸುತ್ತುವ ವೃತ್ತ ಪಾದದ ವೃತ್ತಕ್ಕಿಂತ ಕಿರಿದಾಗಿರುತ್ತದೆ, ಅದನ್ನೂ ಯೋಚಿಸಿರಿ." ಅದಕ್ಕೆ ಹಣ ಬೇಕಾಗಿರಲಿಲ್ಲ. ಎರಡು ಮಾತು ಸಾಕಾಗಿತ್ತು. ಆ ಎರಡು ಮಾತನ್ನು ನಾವು ಆಡಲಿಲ್ಲ.

ಕ್ಯಾಮೆರಾ ಅಲಂಕಾರದ ಸಾಧನವಲ್ಲ, ಅಳತೆಯ ಸಾಧನ ಎಂಬುದೇ ನಾನು ಹೇಳಬಯಸುವ ಮುಖ್ಯ ಮಾತು. ಇದು ಹೊಸ ವಿಚಾರವೇನೂ ಅಲ್ಲ. ಓಡುವ ಕುದುರೆಯ ನಾಲ್ಕು ಗೊರಸುಗಳೂ ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಇತ್ಯರ್ಥವಾಗದ ಪ್ರಶ್ನೆಯಾಗಿತ್ತು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕರು ಓಟದ ದಾರಿಯ ಪಕ್ಕದಲ್ಲಿ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಕುದುರೆ ಸಾಗಿದಂತೆ ಒಂದೊಂದೂ ಚಿತ್ರ ತೆಗೆಯುವಂತೆ ಮಾಡಿದರು. ಗೊರಸುಗಳು ಒಮ್ಮೆಗೇ ನೆಲ ಬಿಡುವುದು ನಿಜವೆಂದು ಗೊತ್ತಾಯಿತು. ಆದರೆ ಚಿತ್ರಕಾರರು ಬಹುಕಾಲ ಬರೆಯುತ್ತಿದ್ದಂತೆ ಕಾಲುಗಳು ಹಿಂದು ಮುಂದಕ್ಕೆ ಚಾಚಿರುವಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಿಚಿಕೊಂಡಿರುವಾಗ! ಶತಮಾನಗಳ ಕಾಲ ಕಣ್ಣು ಕಂಡಿದೆಯೆಂದು ನಂಬಿದ್ದನ್ನು ಹನ್ನೆರಡು ಚಿತ್ರಗಳು ತಿದ್ದಿದವು.

ನಮಗೆ ಹತ್ತಿರದ ಉದಾಹರಣೆಯೂ ಉಂಟು. ಶ್ರೀಲಂಕೆಯ ಮುತ್ತಯ್ಯ ಮುರಳೀಧರನ್ ಅವರ ಮೊಣಕೈ ಬೌಲಿಂಗ್ ಮಾಡುವಾಗ ನೆಟ್ಟಗಾಗುತ್ತದೆಂಬ ಆಕ್ಷೇಪ ವರ್ಷಾನುಗಟ್ಟಲೆ ನಡೆಯಿತು. ಅಧಿಕ ವೇಗದ ಕ್ಯಾಮೆರಾಗಳಿಂದ ಅಳೆದು ನೋಡಿದಾಗ, ನಿರ್ದೋಷಿಗಳೆಂದು ಎಲ್ಲರೂ ನಂಬಿದ್ದ ಬೌಲರುಗಳಲ್ಲಿಯೂ ಬಹುಮಂದಿಯ ಮೊಣಕೈ ಕೆಲವು ಡಿಗ್ರಿಗಳಷ್ಟು ನೆಟ್ಟಗಾಗುವುದು ಕಂಡುಬಂತು. 2005ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಎಲ್ಲ ಬಗೆಯ ಬೌಲರುಗಳಿಗೂ 15 ಡಿಗ್ರಿಗಳ ಮಿತಿಯನ್ನು ಗೊತ್ತುಮಾಡಿತು. ಅಳತೆ ಬಂದಾಗ ನಿಯಮವೇ ಬದಲಾಯಿತು.

ಅಳತೆಯ ಅಭ್ಯಾಸವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ನಾಡೇ 2020ರಲ್ಲಿ ಕಂಡಿತು. ಆ ವರ್ಷದ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಆ ಓಟದ ವಿಡಿಯೋ ದೇಶದ ಮೂಲೆಮೂಲೆಗೂ ಹರಡಿತು. ಯಾರೋ ತ್ರೈರಾಶಿ ಹಾಕಿ, 100 ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ತೆಗೆದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ 9.58 ಸೆಕೆಂಡುಗಳ ವಿಶ್ವದಾಖಲೆಯನ್ನು ಮುರಿದ ಕನ್ನಡಿಗನೆಂದು ಸುದ್ದಿಯಾಯಿತು. ನಮ್ಮ ಮೈಸೂರು ರಸ್ತೆಯಲ್ಲಿ, ಜ್ಞಾನಭಾರತಿಯ ಬಳಿ ಇರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೆ ಬಂದು ಪರೀಕ್ಷೆಗೆ ಓಡಬೇಕೆಂಬ ಆಹ್ವಾನವೂ ಅವರಿಗೆ ಹೋಯಿತು.

ಗೌಡರ ಸಾಮರ್ಥ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಕೆಸರಿನಲ್ಲಿ ಆ ವೇಗವನ್ನು ತಾಳಿಕೊಂಡು ನಿಲ್ಲುವುದೇ ಅಸಾಮಾನ್ಯ ಸಾಧನೆ. ಆದರೆ ಆ ವಿಡಿಯೋ ನೋಡಿದ ವಿದ್ಯಾವಂತರಲ್ಲಿ ಎಷ್ಟು ಮಂದಿ ಒಂದೆರಡು ಸರಳ ಪ್ರಶ್ನೆಗಳನ್ನು ಕೇಳಿಕೊಂಡರು? ಮೊದಲನೆಯದು, ಕೋಣಗಳ ಎಳೆತ. ಬೋಲ್ಟ್ ತನ್ನ ಕಾಲಿನಿಂದ ನೆಲವನ್ನು ಹಿಂದಕ್ಕೆ ಒತ್ತಿ ಮಾತ್ರ ಮುಂದೆ ಹೋಗಬಲ್ಲ. ಕಂಬಳದ ಓಟಗಾರನಿಗೆ ಕೋಣಗಳ ಎಳೆತವೆಂಬ ಇನ್ನೊಂದು ಬಲವೂ ಇದೆ. ಎರಡನೆಯದು, ತ್ರೈರಾಶಿಯ ಅರ್ಹತೆ. ಓಟದ ವೇಗ ಉದ್ದಕ್ಕೂ ಒಂದೇ ಆಗಿದ್ದರೆ ಮಾತ್ರ ತ್ರೈರಾಶಿ ಸಲ್ಲುತ್ತದೆ. ಬರ್ಲಿನ್ನಿನಲ್ಲಿ ಬೋಲ್ಟ್ ಮೊದಲ 20 ಮೀಟರಿಗೆ 2.89 ಸೆಕೆಂಡು ತೆಗೆದುಕೊಂಡರೆ, 60ರಿಂದ 80 ಮೀಟರಿನ ನಡುವಣ 20 ಮೀಟರಿಗೆ ತೆಗೆದುಕೊಂಡದ್ದು 1.61 ಸೆಕೆಂಡು ಮಾತ್ರ. ಮೂರನೆಯದು ತೀರ ಸಣ್ಣದು. 13.62ನ್ನು 142.5ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು 9.558. ಅದನ್ನು ಎರಡು ದಶಾಂಶಕ್ಕೆ ತಂದರೆ 9.56, 9.55 ಅಲ್ಲ. ಎಂಟನೆಯ ತರಗತಿಯ ಬಾಲಕಿಯೂ ತಿದ್ದಬಹುದಾದ ಈ ಅಂಕಿಯನ್ನು ಎಷ್ಟೋ ವರದಿಗಳು ಹಾಗೆಯೇ ಅಚ್ಚುಹಾಕಿದವು.

ವಿಚಿತ್ರವೆಂದರೆ, ಅಂದು ಎಲ್ಲರಿಗಿಂತ ಸರಿಯಾದ ಭೌತವಿಜ್ಞಾನವನ್ನು ನುಡಿದವರು ಓಡಿದ ಗೌಡರೇ. ತಮ್ಮನ್ನು ಬೋಲ್ಟ್ ಅವರಿಗೆ ಹೋಲಿಸುವುದು ಸರಿಯಲ್ಲ, ತಾವು ಓಡುವುದು ಕೆಸರುಗದ್ದೆಯಲ್ಲಿ, ಗೆಲುವಿನಲ್ಲಿ ಕೋಣಗಳ ಪಾಲು ದೊಡ್ಡದು ಎಂಬ ಅರ್ಥದ ಮಾತನ್ನು ಅವರು ವಿನಯದಿಂದ ಹೇಳಿದರು. ಓಟದ ಪಂಥಕ್ಕೂ ಹೋಗಲಿಲ್ಲ. ಆಟ ಆಡುವವನಿಗೆ ತನ್ನ ಮೈಮೇಲೆ ಬೀಳುವ ಬಲಗಳ ಪರಿಚಯ ಇರುತ್ತದೆ. ಅದಕ್ಕೆ ಶಾಸ್ತ್ರದ ಹೆಸರುಗಳನ್ನೂ ಅಳತೆಯನ್ನೂ ಕೊಡುವುದೇ ಶಾಲೆಯ ಕೆಲಸ.

ಆದರೆ ನಮ್ಮ ಶಾಲೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ವಿರುದ್ಧ. ಮೈದಾನದಲ್ಲಿ ಮುಂದಿರುವ ಮಗುವನ್ನು ಓದಿನಲ್ಲಿ ಹಿಂದೆಂದು ಮೊದಲೇ ತೀರ್ಮಾನಿಸಿರುತ್ತೇವೆ. ಕ್ರೀಡೆಯ ಭೌತವಿಜ್ಞಾನವನ್ನು ಕುರಿತ ವಿಡಿಯೋದಲ್ಲಿಯೂ ಆ ಮಗುವಿಗೆ ದೊರೆಯುವುದು ಓಡಿ ತೋರಿಸುವ ಪಾತ್ರ. ವಿವರಿಸುವ ಪಾತ್ರ ಅಂಕ ಗಳಿಸುವ ಮಗುವಿಗೆ. ಆಡುವವರು ಬೇರೆ, ಅರಿಯುವವರು ಬೇರೆ ಎಂಬ ಈ ಭೇದವನ್ನು ನಮ್ಮ ನಾಡಿನ ಕ್ರೀಡೆಯ ಇತಿಹಾಸವೇ ಒಪ್ಪುವುದಿಲ್ಲ. ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್ ಪಡೆದ ಅನಿಲ್ ಕುಂಬ್ಳೆ ಅವರು ಕೆಂಗೇರಿಯ ದಾರಿಯಲ್ಲಿರುವ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು. ಬ್ಯಾಟಿನ ಹಿಂಬದಿಗೆ ಅಂಟಿಸಿ ಹೊಡೆತದ ಬಲವನ್ನು ಅಳೆಯುವ ಪುಟ್ಟ ಸಾಧನವೊಂದನ್ನು ಅವರ ಸಂಸ್ಥೆ 2018ರಲ್ಲಿ ಹೊರತಂದಿತು. ವೇಗದ ಬೌಲರ್ ಜಾವಗಲ್ ಶ್ರೀನಾಥ್ ಅವರು ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ 1963ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಶ್ರೀ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪದವಿ ಪಡೆದರು. ಅವರಿಗೂ ಹಿಂದೆ, ಸ್ಪಿನ್ ಬೌಲರ್ ಎರ‍್ರಪಳ್ಳಿ ಪ್ರಸನ್ನ ಅವರು ಇಂಜಿನಿಯರಿಂಗ್ ಓದು ಮುಗಿಸುವುದಕ್ಕಾಗಿ ಟೆಸ್ಟ್ ಕ್ರಿಕೆಟ್ಟಿನಿಂದ ಕೆಲವು ವರ್ಷ ದೂರ ಉಳಿದಿದ್ದರು.

ಕ್ರಿಕೆಟ್ಟನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನೂ ನಮ್ಮ ಮೈದಾನದಲ್ಲೇ ಅಳೆಯಬಹುದು. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬಾಲಕನೊಬ್ಬ ಎಸೆದ ಚೆಂಡು ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. 30 ಫ್ರೇಮುಗಳ ಮೊಬೈಲಿನಲ್ಲಿ ಒಂದು ಫ್ರೇಮಿಗೂ ಮುಂದಿನದಕ್ಕೂ ಅದು 67 ಸೆಂಟಿಮೀಟರ್ ಜಿಗಿದಿರುತ್ತದೆ. 240 ಫ್ರೇಮುಗಳಲ್ಲಿ ಆ ಜಿಗಿತ 8 ಸೆಂಟಿಮೀಟರಿಗೆ ಇಳಿಯುತ್ತದೆ. ಯಾವುದನ್ನು ನಮ್ಮ ಸಾಧನದಿಂದ ಅಳೆಯಬಹುದು, ಯಾವುದನ್ನು ಅಳೆಯಲಾಗದು ಎಂಬ ವಿವೇಕವೇ ಅರ್ಧ ವಿಜ್ಞಾನ. ಇನ್ನು ಅಂದು ಗೆದ್ದ ಬಾಲಕ ಉತ್ತರಿಸಲಾಗದೆ ಹೋದ ಪ್ರಶ್ನೆ. ಹೊಸ ಚೆಂಡಿನ ಹೊಲಿಗೆಯನ್ನು ಓರೆಯಾಗಿ ಹಿಡಿದು ಎಸೆದಾಗ, ಹೊಲಿಗೆ ತಾಗಿದ ಕಡೆಯ ಗಾಳಿಯ ಪದರ ಕದಡಿ ಚೆಂಡಿಗೆ ಹೆಚ್ಚು ದೂರ ಅಂಟಿಕೊಂಡು ಸಾಗುತ್ತದೆ. ನುಣುಪಾದ ಕಡೆಯದು ಬೇಗ ಬಿಟ್ಟುಹೋಗುತ್ತದೆ. ಆದ್ದರಿಂದ ಚೆಂಡು ಹೊಲಿಗೆ ಮುಖ ಮಾಡಿದ ಕಡೆಗೆ, ಎಂದರೆ ಹೊಳಪಿನ ಮಗ್ಗುಲಿನಿಂದ ಆಚೆಗೆ ತಿರುಗುತ್ತದೆ. ಒಂದು ಚೆಂಡನ್ನು ಕೈಯಲ್ಲಿ ಹಿಡಿದು ಇಪ್ಪತ್ತು ಸಲ ಎಸೆದು ನೋಡಿದ ಮಗು ಈ ಉತ್ತರವನ್ನು ಎಂದೂ ಮರೆಯದು.

ನನ್ನ ಮಾತಿಗೆ ಆಕ್ಷೇಪಗಳು ಇರುವುದನ್ನು ನಾನು ಬಲ್ಲೆ. ಪಾಠಪ್ರವಚನಗಳನ್ನು ಮುಗಿಸುವುದೇ ಕಷ್ಟವಾಗಿರುವಾಗ ಮೈದಾನದಲ್ಲಿ ಸುಣ್ಣದ ವೃತ್ತ ಬರೆಯುತ್ತ ಕೂರಲು ಸಮಯವೆಲ್ಲಿ ಎಂದು ಶಿಕ್ಷಕ ಮಿತ್ರರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಆದರೆ ವೃತ್ತಚಲನೆ, ಘರ್ಷಣೆ, ವೇಗೋತ್ಕರ್ಷ, ಮಾಪನದ ದೋಷ, ಇವು ಹೇಗೂ ಪಾಠದಲ್ಲಿರುವ ವಿಷಯಗಳೇ. ನಾಲ್ಕು ಸಂಜೆಗಳ ಒಂದು ಪ್ರಯೋಗ ನಾಲ್ಕು ಅಧ್ಯಾಯಗಳ ಭಾರವನ್ನು ಹಗುರ ಮಾಡುತ್ತದೆಂಬುದು ನನ್ನ ಅನುಭವ. ಇನ್ನೊಂದು ಆಕ್ಷೇಪ, ಮಕ್ಕಳ ಕೈಗೆ ಮೊಬೈಲು ಕೊಡುವುದು ಎಷ್ಟು ಸರಿ ಎಂಬುದು. ನಾನೂ ಆ ಆತಂಕವನ್ನು ಹಂಚಿಕೊಳ್ಳುತ್ತೇನೆ. ಅದಕ್ಕಾಗಿಯೇ ಮೊಬೈಲು ಮಗುವಿನ ಸ್ವಂತದ್ದಾಗಿರದೆ ಪ್ರಯೋಗಶಾಲೆಯ ಸೊತ್ತಾಗಿರಬೇಕು. ತಕ್ಕಡಿ, ಉಷ್ಣಮಾಪಕಗಳಂತೆ ಅದಕ್ಕೂ ಒಂದು ಕಪಾಟು, ಒಂದು ವಹಿ ಇರಬೇಕು. ಮಕ್ಕಳ ಮುಖವಿರುವ ಚಿತ್ರಗಳು ಶಾಲೆಯ ಆವರಣವನ್ನು ದಾಟಬಾರದು. ಇನ್ನು ಹೊಳಪಿನ ವಿಡಿಯೋದಿಂದ ಶಾಲೆಗೆ ಕೀರ್ತಿ ಬರುತ್ತದೆಂಬ ಮಾತು. ಇಳಿಸಿಕೊಂಡ ದೃಶ್ಯಗಳು ಎಲ್ಲ ಶಾಲೆಗಳಿಗೂ ಒಂದೇ ಬೆಲೆಗೆ ಸಿಗುತ್ತವೆ. ನಮ್ಮ ಮೈದಾನದ ಘರ್ಷಣೆ ಎಷ್ಟೆಂಬುದು ಮಾತ್ರ ನಮ್ಮ ಮಕ್ಕಳು ಅಳೆಯದ ಹೊರತು ಜಗತ್ತಿನ ಯಾವ ಯಂತ್ರಕ್ಕೂ ಗೊತ್ತಾಗದು.

ಆದ್ದರಿಂದ ಕೆಲವು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಶಿಕ್ಷಕರಲ್ಲಿ ನನ್ನ ವಿಜ್ಞಾಪನೆ: ವಿಜ್ಞಾನ ಶಿಕ್ಷಕರೂ ದೈಹಿಕ ಶಿಕ್ಷಣದ ಶಿಕ್ಷಕರೂ ಒಟ್ಟಿಗೆ ಕುಳಿತು ಈ ಕೆಲಸವನ್ನು ನಡೆಸಲಿ. ಹೊರಗಿನಿಂದ ಇಳಿಸಿಕೊಂಡ ಒಂದು ದೃಶ್ಯವೂ ವಿಡಿಯೋದಲ್ಲಿ ಇರಬಾರದು. ಒಂದೇ ಪ್ರಶ್ನೆ, ಒಂದೇ ಚಲನೆ ಸಾಕು. ಅಳತೆಗೋಲು ಚಲನೆ ನಡೆಯುವ ಸಮತಲದಲ್ಲಿಯೇ ಇರಲಿ. ಕ್ಯಾಮೆರಾ ಆ ಸಮತಲಕ್ಕೆ ನೇರವಾಗಿ, ಸಾಕಷ್ಟು ದೂರದಲ್ಲಿ, ಅಲುಗದಂತೆ ನಿಲ್ಲಲಿ. ಒಂದು ಅಳತೆಯನ್ನು ಕನಿಷ್ಠ ಐದು ಸಲ ಮಾಡಲಿ. ಅಂಕಗಳಲ್ಲಿ ಅರ್ಧ ಪಾಲು ಅಳತೆಗೆ, ಕಾಲು ಪಾಲು "ನಮ್ಮ ಉತ್ತರದಲ್ಲಿ ಎಷ್ಟು ತಪ್ಪಿರಬಹುದು" ಎಂಬ ವಿವರಣೆಗೆ, ಉಳಿದದ್ದು ವಿಷಯ ನಿರೂಪಣೆಗೆ ಇರಲಿ. ಸಂಗೀತಕ್ಕೂ ಬಣ್ಣಕ್ಕೂ ಅಂಕವಿಲ್ಲವೆಂದು ಮೊದಲೇ ಸಾರಿಬಿಡಲಿ. ಓಡಿದ ಮಗುವೇ ತನ್ನ ಓಟದ ಬಗ್ಗೆ, ತನ್ನ ಮಾತಿನಲ್ಲಿ, ಮಾತನಾಡಲಿ.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಇಂಜಿನಿಯರುಗಳಾಗಿ, ವೈದ್ಯರಾಗಿ, ತರಬೇತುದಾರರಾಗಿ ಇದ್ದೀರಿ. ವಾರ್ಷಿಕೋತ್ಸವದ ದಿನ ಮಾಲೆ ಹಾಕಿಸಿಕೊಳ್ಳುವುದರ ಜೊತೆಗೆ, ವರ್ಷದಲ್ಲಿ ಎರಡು ಶನಿವಾರ ಮೈದಾನಕ್ಕೆ ಬಂದು ಮಕ್ಕಳ ಪಕ್ಕದಲ್ಲಿ ನಿಂತು ಫ್ರೇಮು ಎಣಿಸಿರಿ. ನಾವು ಅಂದು ಹೇಳದೆ ಹೋದ ಆ ಎರಡು ಮಾತುಗಳನ್ನು ಹೇಳುವವರಾಗಿರಿ.

ದಾನಿಗಳಲ್ಲಿ ಒಂದು ವಿಶೇಷ ಪ್ರಾರ್ಥನೆ. ಈ ಸಂಸ್ಥೆಯಲ್ಲಿ ತಮ್ಮ ಹೆಸರಿನ ಕೊಠಡಿಗಳಿವೆ, ಗೋಡೆಗಳ ಮೇಲೆ ತಮ್ಮ ಹಿರಿಯರ ನಾಮಫಲಕಗಳಿವೆ. ಆ ಉಪಕಾರವನ್ನು ಯಾರೂ ಮರೆಯಲಾರರು. ಈ ಕೆಲಸಕ್ಕೆ ಬೇಕಾದುದು ಬಹು ಸ್ವಲ್ಪ: ನಿಧಾನಚಲನೆಯ ಸೌಕರ್ಯವಿರುವ ಎರಡು ಮೊಬೈಲು, ಎರಡು ಮುಕ್ಕಾಲಿ, ಮೂವತ್ತು ಮೀಟರಿನ ಒಂದು ಟೇಪು, ಕೆಲವು ಸ್ಪ್ರಿಂಗ್ ತ್ರಾಸು, ಒಂದು ಚೀಲ ಸುಣ್ಣ. ಆದರೆ ಇವೆಲ್ಲಕ್ಕಿಂತ ದೊಡ್ಡ ದಾನವೊಂದಿದೆ. ಅದು ಮೈದಾನವನ್ನು ಮೈದಾನವಾಗಿಯೇ ಉಳಿಸುವುದು. ಖೋ-ಖೋ ಅಂಕಣಕ್ಕೆ ಬೇಕಾದ ಜಾಗ 27 ಮೀಟರ್ ಉದ್ದ, 16 ಮೀಟರ್ ಅಗಲ. ನಮ್ಮ ಬಡಾವಣೆಗಳಲ್ಲಿ ಅಷ್ಟು ನೆಲದ ಬೆಲೆ ಏನೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲೊಂದು ಕಟ್ಟಡ, ಇಲ್ಲೊಂದು ವಾಹನ ನಿಲ್ದಾಣ ಎಂದು ಶಾಲೆಗಳ ಅಂಗಳಗಳು ಕರಗುತ್ತಿರುವುದನ್ನು ದಿನವೂ ಕಾಣುತ್ತಿದ್ದೇವೆ. ಹೊಸ ಕಟ್ಟಡಕ್ಕೆ ದಾನ ಕೊಡುವಾಗ, "ಮೈದಾನದ ಒಂದು ಅಡಿಯನ್ನೂ ಮುಟ್ಟಬಾರದು" ಎಂಬ ಒಂದು ವಾಕ್ಯವನ್ನು ಪತ್ರದಲ್ಲಿ ಸೇರಿಸಿರಿ. ಪ್ರಯೋಗಶಾಲೆಯೊಂದನ್ನು ಉಳಿಸಿದ ಪುಣ್ಯ ತಮ್ಮದಾಗುತ್ತದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ-ಖೋ ಆಟದ ಮೊದಲ ವಿಶ್ವಕಪ್ ನಡೆದು, ನಮ್ಮ ದೇಶದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಗೆದ್ದವು. ಆ ಪಂದ್ಯಗಳನ್ನು ದೂರದರ್ಶನದಲ್ಲಿ ನೋಡುವಾಗ ಆಟಗಾರರು ಕಂಬ ಹಿಡಿದು ತಿರುಗಿದಾಗಲೆಲ್ಲ ನನಗೆ ಆ ವಿದ್ಯಾರ್ಥಿನಿಲಯದ ಬಾಲಕನ ನೆನಪಾಗುತ್ತಿತ್ತು. ಅವನು ಈಗ ಎಲ್ಲಿರುವನೋ ತಿಳಿಯದು. ಎಲ್ಲಿದ್ದರೂ ಈ ಪುಟ ಅವನ ಕಣ್ಣಿಗೆ ಬೀಳಲಿ ಎಂದು ಆಶಿಸುತ್ತೇನೆ. ಅಂದು ಅವನು ಕೇಳಿದ ಪ್ರಶ್ನೆಗೆ ತಡವಾಗಿಯಾದರೂ ನನ್ನ ಉತ್ತರ ಇದು: ಇಲ್ಲಪ್ಪ, ತಪ್ಪು ಎಷ್ಟಿರಬಹುದೆಂದು ಹೇಳಿದ್ದು ನಿನ್ನ ದೋಷವಲ್ಲ. ಅದಕ್ಕೆ ಅಂಕ ಕೊಡಲು ತಿಳಿಯದೆ ಹೋದದ್ದು ನಮ್ಮ ದೋಷ. ನಮ್ಮ ಶಾಲೆಯ ಅಂಗಳದಲ್ಲಿ ಇನ್ನು ಮುಂದೆ ಯಾವ ಮಗುವೂ ಆ ಪ್ರಶ್ನೆಯನ್ನು ಕೇಳುವಂತಾಗದಿರಲಿ.